ಹೆಚ್ಚು ಓಡಿದ ವಾಹನದ ಇಂಜಿನ್ ಮತ್ತು ಶುದ್ಧೀಕರಣ ಆಯಿಲ್: ವೆಚ್ಚ ಹಾಗೂ ಪ್ರಯೋಜನಗಳ ವಿಶ್ಲೇಷಣೆ

ಸಣ್ಣ ಉದ್ದಿಮೆಗಳ ಹಾಗೂ ವ್ಯಾಪಾರ ಸಂಸ್ಥೆಗಳ ಸ್ಥಿರಾಸ್ತಿ ಪಟ್ಟಿಯಲ್ಲಿ ವಾಹನಕ್ಕೆ ಒಂದು ವಿಚಿತ್ರ ಸ್ಥಾನವಿದೆ. ಲೆಕ್ಕದ ಪುಸ್ತಕದಲ್ಲಿ ಅದರ ಮೌಲ್ಯ ಸವಕಳಿಯಿಂದ ವರ್ಷೇ ವರ್ಷೇ ಕರಗುತ್ತ ಹೋಗುತ್ತದೆ. ಆದರೆ ದೈನಂದಿನ ವ್ಯವಹಾರದಲ್ಲಿ ಅದರ ಉಪಯುಕ್ತತೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರು ಅಥವಾ ವ್ಯಾನು ಪುಸ್ತಕದಲ್ಲಿ ಕೆಲವೇ ಸಾವಿರ ರೂಪಾಯಿಗಳ ಆಸ್ತಿಯಾಗಿದ್ದರೂ, ಅದು ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಸರಕು ಪೂರೈಕೆಯೂ ವಸೂಲಿಯೂ ಏರುಪೇರಾಗುತ್ತವೆ. ಇಂತಹ ವಾಹನ ಆಯಿಲ್ ಕುಡಿಯಲು ಆರಂಭಿಸಿದಾಗ ಮಾಲೀಕರ ಮುಂದೆ ಬರುವ ಸಲಹೆಗಳು ಮುಖ್ಯವಾಗಿ ಮೂರು: ಇಂಜಿನ್ ಬಿಚ್ಚಿ ಬೋರ್ ಕೆಲಸ ಮಾಡಿಸುವುದು, ವಾಹನವನ್ನು ಮಾರುವುದು, ಇಲ್ಲವೇ ಇಂಜಿನ್ನಿನ ಒಳಭಾಗವನ್ನು ಶುದ್ಧಗೊಳಿಸುವ ವಿಶೇಷ ಆಯಿಲ್ ಬಳಸಿ ನೋಡುವುದು. ಮೂರನೆಯ ಸಲಹೆಯಲ್ಲಿ ಎಷ್ಟು ಹುರುಳಿದೆ, ಅದಕ್ಕೆ ಎಷ್ಟು ಹಣ ವಿನಿಯೋಗಿಸಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂಜಿನ್ನಿನ ಒಳಗೆ ಕೊಳೆ ಏಕೆ ಸಂಗ್ರಹವಾಗುತ್ತದೆ?

ಇಂಜಿನ್ ಆಯಿಲ್‌ನ ಬಹುಪಾಲು ಮೂಲ ತೈಲ. ಉಳಿದದ್ದು ರಾಸಾಯನಿಕ ಸೇರ್ಪಡೆಗಳು. ಆಯಿಲ್‌ನ ಕೆಲಸ ಕೇವಲ ಜಾರುವಿಕೆಯನ್ನು ಒದಗಿಸುವುದಲ್ಲ. ಶಾಖವನ್ನು ಹೊರಸಾಗಿಸುವುದು, ತುಕ್ಕನ್ನು ತಡೆಯುವುದು, ಇಂಧನ ಉರಿದಾಗ ಉಂಟಾಗುವ ಆಮ್ಲಗಳನ್ನು ತಟಸ್ಥಗೊಳಿಸುವುದು ಹಾಗೂ ಮಸಿಯ ಕಣಗಳು ಒಟ್ಟುಗೂಡದಂತೆ ತೇಲಿಸಿಟ್ಟುಕೊಳ್ಳುವುದು ಸಹ ಅದರ ಜವಾಬ್ದಾರಿ. ಆಮ್ಲವನ್ನು ತಟಸ್ಥಗೊಳಿಸಿ ಲೋಹದ ಮೇಲ್ಮೈಯನ್ನು ಶುಚಿಯಾಗಿಡುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಂಯುಕ್ತಗಳಿಗೆ ಡಿಟರ್ಜೆಂಟ್ ಎಂದೂ, ಕಣಗಳನ್ನು ತೇಲಿಸಿಡುವ ಸೇರ್ಪಡೆಗಳಿಗೆ ಡಿಸ್ಪರ್ಸೆಂಟ್ ಎಂದೂ ಹೆಸರು. ಆದುದರಿಂದ ಬಳಕೆಯಲ್ಲಿರುವ ಆಯಿಲ್ ಕಪ್ಪಾಗುವುದು ಅದು ಕೆಟ್ಟಿದೆ ಎಂಬುದರ ಲಕ್ಷಣವೇ ಆಗಬೇಕಿಲ್ಲ. ಬಹುಮಟ್ಟಿಗೆ ಅದು ತನ್ನ ಕೆಲಸ ಮಾಡುತ್ತಿದೆ ಎಂಬುದರ ಸೂಚನೆ.

ಈ ಸೇರ್ಪಡೆಗಳು ಕಾಲಕ್ರಮೇಣ ಖರ್ಚಾಗುತ್ತವೆ. ಬದಲಾವಣೆಯ ಅವಧಿ ಮೀರಿದ ಆಯಿಲ್ ಶಾಖದಿಂದ ಉತ್ಕರ್ಷಣಗೊಂಡು ದಪ್ಪನಾಗುತ್ತದೆ. ಇಂಜಿನ್ ಪೂರ್ಣ ಬಿಸಿಯಾಗುವ ಮೊದಲೇ ನಿಲ್ಲಿಸುವ ಎರಡು-ಮೂರು ಕಿಲೋಮೀಟರ್‌ಗಳ ಓಡಾಟ ಪೇಟೆಯ ವ್ಯಾಪಾರಿಗಳಿಗೆ ಅನಿವಾರ್ಯ. ಅಂತಹ ಓಡಾಟದಲ್ಲಿ ನೀರಿನ ಅಂಶವೂ ಉರಿಯದ ಇಂಧನವೂ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತವೆ. ಇವೆಲ್ಲ ಸೇರಿ ಸ್ಲಡ್ಜ್ ಎಂಬ ಜಿಡ್ಡುಕೆಸರು ಉಂಟಾಗುತ್ತದೆ. ಹೆಚ್ಚು ಬಿಸಿಯಾಗುವ ಪಿಸ್ಟನ್ ಭಾಗದಲ್ಲಿ ಅದು ಗಟ್ಟಿಯಾದ ಇಂಗಾಲದ ಪದರವಾಗುತ್ತದೆ.

ಪಿಸ್ಟನ್ನಿನ ಕೆಳಗಿನ ರಿಂಗ್ ಸಿಲಿಂಡರ್ ಗೋಡೆಯ ಮೇಲಿನ ಹೆಚ್ಚುವರಿ ಆಯಿಲ್ ಅನ್ನು ಕೆಳಕ್ಕೆ ಸವರಿ ಹಾಕುವ ರಿಂಗ್. ಅದರ ಕಾಲುವೆಯಲ್ಲಿ ಇಂಗಾಲ ತುಂಬಿ ರಿಂಗ್ ಸಿಕ್ಕಿಕೊಂಡರೆ, ಲೋಹ ಸವೆಯದಿದ್ದರೂ ಆಯಿಲ್ ಮೇಲೇರಿ ಉರಿಯತೊಡಗುತ್ತದೆ. ಹೊಗೆ ನೀಲಿಯಾಗುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತದೆ. ಇದು ಕೇವಲ ನಿರ್ಲಕ್ಷ್ಯದ ಫಲವೆಂದು ಹೇಳುವಂತಿಲ್ಲ. ಟೊಯೋಟ ಸಂಸ್ಥೆಯು 2002ರಲ್ಲಿ ಅಮೆರಿಕದಲ್ಲಿ ಸ್ಲಡ್ಜ್ ದೂರುಗಳ ಹಿನ್ನೆಲೆಯಲ್ಲಿ, 1997ರಿಂದ 2002ರವರೆಗಿನ ಮಾದರಿಯ ಸುಮಾರು 33 ಲಕ್ಷ ವಾಹನಗಳಿಗೆ ಅನ್ವಯಿಸುವಂತೆ ವಿಶೇಷ ದುರಸ್ತಿ ಯೋಜನೆಯನ್ನೇ ಪ್ರಕಟಿಸಬೇಕಾಯಿತು.

ಶುದ್ಧಗೊಳಿಸುವ ಮೂರು ವಿಧಾನಗಳು

ಮೊದಲನೆಯದು ಗ್ಯಾರೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಳೆಯ ಆಯಿಲ್‌ಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆಸಿ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಖಾಲಿ ಮಾಡುವುದು. ಇದರಿಂದ ಆಯಿಲ್ ನೀರಿನಂತೆ ತೆಳುವಾಗಿ ಬೇರಿಂಗುಗಳಿಗೆ ರಕ್ಷಣೆ ಇಲ್ಲದಂತಾಗುತ್ತದೆ. ಈ ಪದ್ಧತಿ ಸರ್ವಥಾ ಸಲ್ಲದು.

ಎರಡನೆಯದು ಡಬ್ಬಿಗಳಲ್ಲಿ ದೊರೆಯುವ ಫ್ಲಶ್ ದ್ರಾವಣ. ಆಯಿಲ್ ಬದಲಿಸುವ ಮುನ್ನ ಇದನ್ನು ಹಾಕಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿ, ಸಂಪೂರ್ಣ ಹೊರತೆಗೆಯಬೇಕು. ತೆಳುವಾದ ಕೊಳೆಗೆ ಇದು ಉಪಯುಕ್ತ. ಆದರೆ ದಪ್ಪ ಕೆಸರು ಕಟ್ಟಿರುವ ಇಂಜಿನ್ನಿನಲ್ಲಿ ಕೊಳೆ ಒಮ್ಮೆಲೇ ಕಳಚಿ, ಕೆಳಗಿನ ತಟ್ಟೆಯಲ್ಲಿರುವ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿಬಿಡುವ ಅಪಾಯವಿದೆ. ಜಾಲರಿ ಮುಚ್ಚಿದರೆ ಆಯಿಲ್ ಒತ್ತಡ ಕುಸಿದು ಇಂಜಿನ್ ಹಿಡಿದುಕೊಳ್ಳುತ್ತದೆ.

ಮೂರನೆಯದೇ ಶುದ್ಧೀಕರಣ ಆಯಿಲ್. ಇದು ಸಾಮಾನ್ಯ ಆಯಿಲ್‌ನಂತೆಯೇ ಪೂರ್ಣ ಅವಧಿಗೆ ಬಳಸುವಂತಹುದು. ಶುಚಿಗೊಳಿಸುವ ಗುಣ ಮಾತ್ರ ಹೆಚ್ಚು. ಕೊಳೆಯನ್ನು ಒಮ್ಮೆಲೇ ಕಳಚದೆ, ಹಲವು ಸಾವಿರ ಕಿಲೋಮೀಟರ್‌ಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿಸಿ ಫಿಲ್ಟರಿಗೆ ಸಾಗಿಸುವುದು ಇದರ ಕ್ರಮ. ವ್ಯಾಲ್ವೊಲಿನ್ ಸಂಸ್ಥೆಯು 2000ದಲ್ಲಿ ಅಮೆರಿಕದಲ್ಲಿ ಮ್ಯಾಕ್ಸ್‌ಲೈಫ್ ಎಂಬ ಆಯಿಲ್ ಅನ್ನು 75,000 ಮೈಲಿ, ಅಂದರೆ ಸುಮಾರು 1,20,000 ಕಿಲೋಮೀಟರ್ ಮೀರಿದ ವಾಹನಗಳಿಗೆಂದೇ ಮಾರುಕಟ್ಟೆಗೆ ತಂದಿತು. ಇಂತಹ ಆಯಿಲ್‌ಗಳಲ್ಲಿ ಗಡುಸಾದ ರಬ್ಬರ್ ಸೀಲುಗಳನ್ನು ಮೃದುಗೊಳಿಸುವ ಸೇರ್ಪಡೆಯೂ ಇರುತ್ತದೆ. ಪಿಸ್ಟನ್ ಮೇಲಿನ ಇಂಗಾಲವನ್ನೇ ತೆಗೆಯುವುದಾಗಿ ಹೇಳುವ ರಿಸ್ಟೋರ್ ಅಂಡ್ ಪ್ರೊಟೆಕ್ಟ್ ಎಂಬ ಆಯಿಲ್ ಅದೇ ಹೆಸರಿನಡಿ ಅಮೆರಿಕದಲ್ಲಿ ನಂತರ ಬಂದಿತು. ತಯಾರಕರ ಹೇಳಿಕೆಯಂತೆಯೇ ಇದು ಸತತವಾಗಿ ಹಲವು ಬಾರಿ ಬಳಸಿದಾಗ ಮಾತ್ರ ಫಲ ನೀಡುವಂತಹುದು. ಒಂದು ಡಬ್ಬಿಯಿಂದ ಪವಾಡವನ್ನು ನಿರೀಕ್ಷಿಸಲಾಗದು.

ಯಾವ ದೋಷಕ್ಕೆ ಮದ್ದು, ಯಾವುದಕ್ಕೆ ಅಲ್ಲ

ಕೊಳೆಯನ್ನು ಕರಗಿಸಬಹುದೇ ಹೊರತು ಸವೆದ ಲೋಹವನ್ನು ಮರಳಿ ತರಲಾಗದು. ಸವೆದ ರಿಂಗ್, ಗೀರುಬಿದ್ದ ಸಿಲಿಂಡರ್, ಸಡಿಲಗೊಂಡ ಬೇರಿಂಗುಗಳಿಗೆ ಯಾವ ಆಯಿಲ್ ಕೂಡ ಪರಿಹಾರವಲ್ಲ. ಆದುದರಿಂದ ಹಣ ಖರ್ಚು ಮಾಡುವ ಮುನ್ನ ಈ ಕೆಳಗಿನ ಪರೀಕ್ಷೆಗಳು ಅಗತ್ಯ:

1. ಹೊಗೆಯ ಬಣ್ಣ: ನೀಲಿ ಹೊಗೆ ಆಯಿಲ್ ಉರಿಯುವುದನ್ನೂ, ಕಪ್ಪು ಹೊಗೆ ಇಂಧನ ಹೆಚ್ಚಾಗಿರುವುದನ್ನೂ, ನಿಲ್ಲದ ಬಿಳಿ ಹೊಗೆ ಕೂಲೆಂಟ್ ಸೋರಿಕೆಯನ್ನೂ ಸೂಚಿಸುತ್ತವೆ.

2. ಹೊಗೆ ಬರುವ ಸಮಯ: ರಾತ್ರಿಯಿಡೀ ನಿಂತ ವಾಹನವನ್ನು ಚಾಲೂ ಮಾಡಿದ ಕ್ಷಣ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲುಗಳ ಮೇಲೆ, ವೇಗವರ್ಧನೆಯ ಸಮಯದಲ್ಲಿ ಬಂದರೆ ರಿಂಗುಗಳ ಮೇಲೆ ಸಂಶಯ ಪಡಬೇಕು.

3. ಕಂಪ್ರೆಷನ್ ಪರೀಕ್ಷೆ: ಎಲ್ಲ ಸಿಲಿಂಡರುಗಳ ಒತ್ತಡ ಮಿತಿಯೊಳಗಿದ್ದು ಆಯಿಲ್ ಮಾತ್ರ ಇಳಿಯುತ್ತಿದ್ದರೆ, ಆಯಿಲ್ ರಿಂಗ್ ಸಿಕ್ಕಿಕೊಂಡಿರುವ ಸಾಧ್ಯತೆಯಿದ್ದು ಶುದ್ಧೀಕರಣ ಆಯಿಲ್ ಪ್ರಯತ್ನಿಸಬಹುದು. ಒತ್ತಡ ತೀರಾ ಇಳಿದಿದ್ದರೆ ದುರಸ್ತಿಯೇ ದಾರಿ.

4. ಆಯಿಲ್ ಮುಚ್ಚಳದ ಒಳಭಾಗ: ತೆಳುವಾದ ಕಂದು ಬಣ್ಣ ಸಹಜ. ಬೆರಳಿಗೆ ಅಂಟುವ ದಪ್ಪ ಕೆಸರಿದ್ದರೆ ಮೊದಲು ಕೆಳಗಿನ ತಟ್ಟೆಯನ್ನು ಬಿಚ್ಚಿ ಜಾಲರಿಯನ್ನು ಕೈಯಿಂದಲೇ ಶುಚಿಗೊಳಿಸಬೇಕು.

ವೆಚ್ಚದ ಲೆಕ್ಕಾಚಾರ

ಈ ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಇಟ್ಟು ಲೆಕ್ಕ ಹಾಕಿಕೊಳ್ಳಬೇಕು. ವರ್ಷಕ್ಕೆ 20,000 ಕಿಲೋಮೀಟರ್ ಓಡುವ, 4 ಲೀಟರ್ ಆಯಿಲ್ ಹಿಡಿಯುವ ಒಂದು ವಾಹನ ಪ್ರತಿ 1,000 ಕಿಲೋಮೀಟರ್‌ಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತಿದೆ ಎಂದಿಟ್ಟುಕೊಳ್ಳಬಹುದು. ಸಾಮಾನ್ಯ ಆಯಿಲ್ ಲೀಟರಿಗೆ 400 ರೂ., ಶುದ್ಧೀಕರಣ ಆಯಿಲ್ 650 ರೂ., ಫಿಲ್ಟರ್ 300 ರೂ. ಆಗಿರಲಿ.

ಸಾಮಾನ್ಯ ಆಯಿಲ್ ಅನ್ನು 10,000 ಕಿಲೋಮೀಟರ್‌ಗೊಮ್ಮೆ ಬದಲಿಸಿದರೆ ವರ್ಷಕ್ಕೆ ಎರಡು ಬದಲಾವಣೆಗೆ 3,200 ರೂ., ಫಿಲ್ಟರಿಗೆ 600 ರೂ., ನಡುವೆ ತುಂಬಿಸುವ 10 ಲೀಟರಿಗೆ 4,000 ರೂ., ಒಟ್ಟು 7,800 ರೂ. ತಗಲುತ್ತದೆ.

ಶುದ್ಧೀಕರಣ ಆಯಿಲ್ ಬಳಸುವಾಗ ಕರಗಿದ ಕೊಳೆ ಫಿಲ್ಟರ್ ತುಂಬುವುದರಿಂದ 5,000 ಕಿಲೋಮೀಟರ್‌ಗೊಮ್ಮೆ ಬದಲಿಸುವುದು ಕ್ಷೇಮ. ನಾಲ್ಕು ಬದಲಾವಣೆಗೆ 10,400 ರೂ., ಫಿಲ್ಟರಿಗೆ 1,200 ರೂ. ಪ್ರಯತ್ನ ಫಲಿಸಿ ಆ ವರ್ಷದ ಸರಾಸರಿ ಬಳಕೆ ಅರ್ಧಕ್ಕಿಳಿದರೆ ತುಂಬಿಸುವ 5 ಲೀಟರಿಗೆ 3,250 ರೂ. ಒಟ್ಟು 14,850 ರೂ. ಅಂದರೆ ಮೊದಲ ವರ್ಷ 7,050 ರೂ. ಹೆಚ್ಚುವರಿ ಹೊರೆ.

ಎರಡನೆಯ ವರ್ಷದಿಂದ ಸಾಮಾನ್ಯ ಆಯಿಲ್‌ಗೆ ಹಿಂದಿರುಗಿ, 1,000 ಕಿಲೋಮೀಟರ್‌ಗೆ 200 ಮಿಲಿಲೀಟರ್ ಬಳಕೆ ಉಳಿದರೆ ವಾರ್ಷಿಕ ವೆಚ್ಚ 5,400 ರೂ.; ಉಳಿತಾಯ 2,400 ರೂ. ಆಯಿಲ್ ಖರ್ಚೊಂದನ್ನೇ ಪರಿಗಣಿಸಿದರೆ ಹೂಡಿದ ಹಣ ಮರಳಲು ಸುಮಾರು ಮೂರು ವರ್ಷ ಬೇಕು. ಇದು ಆಕರ್ಷಕ ಹೂಡಿಕೆ ಎನ್ನಲಾಗದು.

ನಿಜವಾದ ಲಾಭ ಇರುವುದು ದೊಡ್ಡ ದುರಸ್ತಿಯನ್ನು ಮುಂದೂಡುವುದರಲ್ಲಿ. ಇಂಜಿನ್ ಕೆಲಸಕ್ಕೆ 45,000 ರೂ. ಬೇಕೆಂದೂ, ಅದು ಎರಡು ವರ್ಷ ಮುಂದೆ ಹೋಯಿತೆಂದೂ ಭಾವಿಸಿದರೆ, ಶೇಕಡ 12ರ ದರದಲ್ಲಿ ಸರಳಬಡ್ಡಿಯೇ 10,800 ರೂ. ಉಳಿಯುತ್ತದೆ. ವಾಹನ ನಿಲ್ಲುವ ದಿನಗಳ ಬಾಡಿಗೆ ವಾಹನದ ಖರ್ಚು ಬೇರೆ. ಆ ಅವಧಿಯಲ್ಲಿ ವಾಹನವನ್ನು ಹೇಗೂ ಮಾರುವುದಾದರೆ 45,000 ರೂ. ಪೂರ್ತಿಯಾಗಿ ಉಳಿಯುತ್ತದೆ.

ಫಲಿಸದಿದ್ದರೆ? ಎರಡು ಬದಲಾವಣೆಗಳ ನಂತರ, ಅಂದರೆ 10,000 ಕಿಲೋಮೀಟರ್‌ಗೆ, ಬಳಕೆ ಕಿಂಚಿತ್ತೂ ಇಳಿಯದಿದ್ದಲ್ಲಿ ಆ ವೇಳೆಗೆ ಆದ ವೆಚ್ಚ 9,050 ರೂ.; ಸಾಮಾನ್ಯ ಆಯಿಲ್‌ನಲ್ಲಿ ಆಗುತ್ತಿದ್ದುದು 3,900 ರೂ. ನಷ್ಟ 5,150 ರೂ.ಗೆ ಸೀಮಿತ. ಅಲ್ಲಿಗೆ ಪ್ರಯೋಗವನ್ನು ನಿಲ್ಲಿಸುವ ನಿರ್ಧಾರವನ್ನು ಆರಂಭದಲ್ಲಿಯೇ ಕೈಗೊಂಡಿರಬೇಕು. ಈಗಾಗಲೇ ಖರ್ಚಾಗಿದೆ ಎಂಬ ಕಾರಣಕ್ಕೆ ಮತ್ತೆ ಖರ್ಚು ಮಾಡುವುದು ವ್ಯಾಪಾರ ಧರ್ಮವಲ್ಲ.

ಈ ಲೆಕ್ಕಕ್ಕೆಲ್ಲ ಆಧಾರ ಒಂದು ಸಣ್ಣ ದಾಖಲೆ. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಇಂಜಿನ್ ತಣಿದ ಮೇಲೆ ಡಿಪ್‌ಸ್ಟಿಕ್ ನೋಡಿ, ಕಿಲೋಮೀಟರ್ ಹಾಗೂ ತುಂಬಿಸಿದ ಆಯಿಲ್ ಪ್ರಮಾಣವನ್ನು ಚಾಲಕನಿಂದ ಬರೆಯಿಸಬೇಕು. ದಾಖಲೆಯಿಲ್ಲದಿದ್ದರೆ ಆಯಿಲ್ ಫಲ ನೀಡಿತೋ ಇಲ್ಲವೋ ಎಂಬುದು ಕೇವಲ ಅನಿಸಿಕೆಯಾಗಿ ಉಳಿಯುತ್ತದೆ.

ತೆರಿಗೆಯ ದೃಷ್ಟಿಯಿಂದ

ವ್ಯವಹಾರಕ್ಕೆ ಬಳಸುವ ವಾಹನದ ಆಯಿಲ್ ಹಾಗೂ ಸಾಮಾನ್ಯ ದುರಸ್ತಿ ವೆಚ್ಚಗಳು ಕಂದಾಯ ಸ್ವರೂಪದವು. ಸ್ವಂತ ಬಳಕೆಯ ಪಾಲನ್ನು ಕಳೆದು ಉಳಿದದ್ದನ್ನು ಆದಾಯದಿಂದ ಕಳೆಯಬಹುದು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚ ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಅಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಇರುವ ಇಂಜಿನ್ನಿಗೆ ರಿಂಗ್ ಹಾಕಿಸುವುದಕ್ಕೂ, ಬೇರೆ ಇಂಧನದ ಅಥವಾ ಬೇರೆ ಸಾಮರ್ಥ್ಯದ ಇಂಜಿನ್ ಕೂರಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಬಂಡವಾಳ ವೆಚ್ಚವೆಂಬ ಪ್ರಶ್ನೆ ಏಳಬಹುದು.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚಿಲ್ಲದ ಪ್ರಯಾಣಿಕ ವಾಹನದ ದುರಸ್ತಿ ಹಾಗೂ ನಿರ್ವಹಣಾ ಸೇವೆಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಸರಕು ಸಾಗಣೆ ವಾಹನಕ್ಕೆ ಈ ನಿರ್ಬಂಧವಿಲ್ಲ. ಹೀಗಾಗಿ ಒಂದೇ ಗ್ಯಾರೇಜಿನಲ್ಲಿ ಎರಡೂ ವಾಹನಗಳ ಕೆಲಸ ಮಾಡಿಸಿದಾಗ ನೋಂದಣಿ ಸಂಖ್ಯೆ ನಮೂದಿಸಿದ ಪ್ರತ್ಯೇಕ ಬಿಲ್ಲುಗಳನ್ನು ಪಡೆಯುವುದು ಹಿತಕರ.

ಖರೀದಿಯಲ್ಲಿ ಗಮನಿಸಬೇಕಾದ ಅಂಶಗಳು

ಆಯಿಲ್‌ನ ಸ್ನಿಗ್ಧತೆಯ ದರ್ಜೆ ಹಾಗೂ ಗುಣಮಟ್ಟದ ಸಂಕೇತ ವಾಹನದ ಕೈಪಿಡಿಗೆ ಹೊಂದಬೇಕು. ಶುದ್ಧೀಕರಣ ಎಂಬ ಪದ ಅದಕ್ಕೆ ಪರ್ಯಾಯವಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಕಣಗಳನ್ನು ಹಿಡಿಯುವ ಫಿಲ್ಟರ್ ಇದ್ದಲ್ಲಿ, ಕಡಿಮೆ ಬೂದಿಯ ಆಯಿಲ್ ಅನ್ನೇ ಬಳಸಬೇಕು. ನಕಲಿ ಆಯಿಲ್‌ನ ಹಾವಳಿ ಇರುವುದರಿಂದ ಅಧಿಕೃತ ಮಾರಾಟಗಾರರಿಂದ ಬಿಲ್ಲಿನೊಂದಿಗೆ ಖರೀದಿಸಿ, ಖಾಲಿ ಡಬ್ಬಿಯನ್ನು ಮರುಬಳಕೆಯಾಗದಂತೆ ತೂತು ಮಾಡಿ ವಿಲೇವಾರಿ ಮಾಡುವುದು ಒಳ್ಳೆಯದು. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾದ ಕಾರಣ ಚರಂಡಿಗೆ ಸುರಿಯದೆ ನೋಂದಾಯಿತ ಮರುಸಂಸ್ಕರಣಕಾರರಿಗೆ ತಲುಪುವಂತೆ ನೋಡಿಕೊಳ್ಳಬೇಕು.

ಒಟ್ಟಿನಲ್ಲಿ, ಪರೀಕ್ಷೆಯಿಂದ ದೋಷ ಕೊಳೆಯದ್ದೆಂದು ಕಂಡುಬಂದ ಇಂಜಿನ್ನಿಗೆ ಶುದ್ಧೀಕರಣ ಆಯಿಲ್ ಮಿತ ವೆಚ್ಚದ, ನಷ್ಟದ ಮಿತಿ ಮೊದಲೇ ಗೊತ್ತಿರುವ ಪ್ರಯೋಗ. ಸವೆದ ಇಂಜಿನ್ನಿಗೆ ಅದು ವ್ಯರ್ಥ ಖರ್ಚು. ಕಂಪ್ರೆಷನ್ ಪರೀಕ್ಷೆಯ ಅಲ್ಪ ವೆಚ್ಚ ಈ ಎರಡರ ನಡುವಣ ಭೇದವನ್ನು ತೋರಿಸಬಲ್ಲುದಾದ್ದರಿಂದ, ಮೊದಲ ಹಣವನ್ನು ಅದಕ್ಕೇ ವಿನಿಯೋಗಿಸುವುದು ಉಚಿತ.