ಒಂದು ಬೆಟ್ಟಸಾಲು, ಮೂರು ಬಗೆಯ ಮಳೆ: ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಸಸಿ ನೆಡುವ ಕಾಲ

ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಗ್ರಾಮ ಪಂಚಾಯಿತಿಗಳಲ್ಲಿ ಸಸಿ ನೆಡುವ ಕಾರ್ಯಕ್ರಮ ಜರುಗುವುದು ವಾಡಿಕೆ. ಲಕ್ಕವಳ್ಳಿಯ ಕಡೆ ನೆಟ್ಟ ಸಸಿಗೆ ಕೆಲವೇ ದಿನಗಳಲ್ಲಿ ಮುಂಗಾರು ನೀರುಣಿಸುತ್ತದೆ. ಅದೇ ದಿನ ಪಂಚನಹಳ್ಳಿ ಅಥವಾ ಯಗಟಿಯ ಕಡೆ ನೆಟ್ಟ ಸಸಿ ಜುಲೈ ತಿಂಗಳ ಒಣಗಾಳಿಗೆ ಸಿಕ್ಕಿ ಬಾಡುತ್ತದೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ. ಈ ನಷ್ಟಕ್ಕೆ ಸಸಿಯ ಗುಣವಾಗಲಿ ನೆಟ್ಟವರ ಉದಾಸೀನವಾಗಲಿ ಮುಖ್ಯ ಕಾರಣವಲ್ಲ. ಸ್ಥಳದ ಮಳೆಯನ್ನು ನೋಡದೆ ದಿನಾಂಕವನ್ನು ನೋಡಿ ನೆಡುವುದೇ ಕಾರಣ.

ಚಿಕ್ಕಮಗಳೂರು ಜಿಲ್ಲೆಯ ನಡುವೆ ಬಾಬಾಬುಡನ್‌ಗಿರಿ ಶ್ರೇಣಿ ಗೋಡೆಯಂತೆ ನಿಂತಿದೆ. ನೈರುತ್ಯ ಮುಂಗಾರಿನ ಮೋಡಗಳು ಪಶ್ಚಿಮದ ಇಳಿಜಾರುಗಳಲ್ಲಿಯೇ ಬಹುಪಾಲು ನೀರನ್ನು ಸುರಿಸಿ, ಹಗುರಾಗಿ ಪೂರ್ವಕ್ಕೆ ಇಳಿಯುತ್ತವೆ. ಶೃಂಗೇರಿಯಲ್ಲಿ ವಾರ್ಷಿಕ ಮಳೆ 3,500 ಮಿ.ಮೀ. ಮೀರಿದರೆ, ತರೀಕೆರೆಯಲ್ಲಿ ಅದು ಸುಮಾರು 900 ಮಿ.ಮೀ., ಕಡೂರಿನಲ್ಲಿ 600 ಮಿ.ಮೀ. ಆಸುಪಾಸು ಮಾತ್ರ. ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ಮಲೆನಾಡಿನ ತಾಲ್ಲೂಕುಗಳು ಗುಡ್ಡಗಾಡು ವಲಯದಲ್ಲಿ, ತರೀಕೆರೆ ದಕ್ಷಿಣದ ಪರಿವರ್ತನಾ ವಲಯದಲ್ಲಿ, ಕಡೂರು ಮಧ್ಯ ಒಣವಲಯದಲ್ಲಿ ಇರುವುದು ಇದರಿಂದಲೇ. ಅಜ್ಜಂಪುರ ಮೊದಲು ತರೀಕೆರೆಯ ಭಾಗವಾಗಿದ್ದುದರಿಂದ ಪರಿವರ್ತನಾ ವಲಯದ ಲೆಕ್ಕಕ್ಕೇ ಸೇರುತ್ತದೆ. ಆದರೆ ಹೊಸದುರ್ಗಕ್ಕೆ ಹೊಂದಿಕೊಂಡ ಅದರ ಪೂರ್ವದ ಬಯಲು ಸ್ವಭಾವದಲ್ಲಿ ಕಡೂರಿಗೇ ಹತ್ತಿರ. ಕಾಗದದ ವಲಯಕ್ಕಿಂತ ಊರಿನ ಅನುಭವವನ್ನು ಇಲ್ಲಿ ಹೆಚ್ಚು ನಂಬಬೇಕಾಗುತ್ತದೆ.

ಮಳೆಯ ಪ್ರಮಾಣಕ್ಕಿಂತಲೂ ಅದು ಹಂಚಿಕೆಯಾಗುವ ರೀತಿ ಮುಖ್ಯ. ತರೀಕೆರೆಯ ಪಶ್ಚಿಮದ ಲಕ್ಕವಳ್ಳಿ, ಲಿಂಗದಹಳ್ಳಿ ಹೋಬಳಿಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರು ಪ್ರಧಾನ. ಪೂರ್ವದ ಬಯಲಿನಲ್ಲಿ ಮೇ ತಿಂಗಳ ಗುಡುಗು ಮಳೆ ಒಮ್ಮೆ ನೆಲ ತೋಯಿಸಿ, ಜೂನ್-ಜುಲೈ ತಿಂಗಳುಗಳಲ್ಲಿ ಮೋಡ, ಗಾಳಿ, ತುಂತುರುಗಳೇ ಹೆಚ್ಚಾಗಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಿಜವಾದ ಮಳೆ ಬರುತ್ತದೆ. ಹಿರಿಯ ರೈತರು ಉತ್ತರೆ, ಹಸ್ತೆ, ಚಿತ್ತೆ ಮಳೆಗಳನ್ನು ಕಾಯುವುದು ಇದೇ ತಿಳಿವಳಿಕೆಯಿಂದ. ಬೀಜದ ಪೊಟ್ಟಣಗಳ ಹಿಂದೆ ಅಚ್ಚಾಗುವ ಋತುಕೋಷ್ಟಕಗಳು ಬಹುಮಟ್ಟಿಗೆ ಚಳಿ ಮತ್ತು ಬಿಸಿಲನ್ನು ಆಧರಿಸಿ ರಚಿತವಾದವು. ಹಿಮ ಬೀಳದ ಈ ಸೀಮೆಯಲ್ಲಿ ಕಾಲವನ್ನು ನಿರ್ಣಯಿಸುವುದು ನೀರು.

ಆದುದರಿಂದ ಕಡೂರು ಮತ್ತು ಪೂರ್ವ ಅಜ್ಜಂಪುರದ ಪಂಚಾಯಿತಿಗಳು ಮೇ ತಿಂಗಳ ಮೊದಲ ಮಳೆಗೆ ನೆಲ ಮೆತ್ತಗಾದಾಗ ಗುಂಡಿ ತೋಡಿಸಿ, ಮಣ್ಣು-ಗೊಬ್ಬರ ತುಂಬಿ, ಮೊದಲ ಮಳೆಗಳ ನೀರನ್ನು ಗುಂಡಿಗೇ ಕುಡಿಸಿ, ಸಸಿಯನ್ನು ಆಗಸ್ಟ್ ಉತ್ತರಾರ್ಧದಲ್ಲಿ, ಅಂದರೆ ಮಖೆ-ಪುಬ್ಬೆ ಮಳೆಗಳ ವೇಳೆಗೆ ನೆಡುವುದು ಲೇಸು. ಮುಂದಿನ ಎರಡು ತಿಂಗಳ ಮಳೆಯಲ್ಲಿ ಬೇರು ಇಳಿಯುತ್ತದೆ. ನವೆಂಬರ್‌ನಲ್ಲಿ ಬುಡಕ್ಕೆ ಒಣಹುಲ್ಲು, ತೆಂಗಿನ ಸಿಪ್ಪೆ ಅಥವಾ ಅಡಿಕೆ ಸಿಪ್ಪೆಯ ಮುಚ್ಚಿಗೆ ಹಾಕಿದರೆ ಬೇಸಿಗೆಯ ನೀರಿನ ಹೊರೆ ಗಣನೀಯವಾಗಿ ತಗ್ಗುತ್ತದೆ. ಉದ್ಯೋಗ ಖಾತರಿಯ ಕ್ರಿಯಾಯೋಜನೆಯಲ್ಲಿ ಗುಂಡಿಯ ಕೆಲಸ, ನೆಡುವ ಕೆಲಸಗಳನ್ನು ಒಂದೇ ತಿಂಗಳಿಗೆ ಸೇರಿಸದೆ ಬೇರೆ ಬೇರೆ ನಮೂದಿಸಬೇಕು. ಜೂನ್ 5ರ ಕಾರ್ಯಕ್ರಮ ನಿಲ್ಲಬೇಕಾಗಿಲ್ಲ. ಆ ದಿನ ನೀರುಣಿಸಲು ಜವಾಬ್ದಾರರಿರುವ ಶಾಲೆಯ ಆವರಣದಲ್ಲಿ ನಾಲ್ಕಾರು ಸಸಿ ನೆಟ್ಟರೆ ಸಾಕು.

ಪಶ್ಚಿಮ ತರೀಕೆರೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಲ್ಲಿ ಮುಂಗಾರಿಗೆ ಮುನ್ನವೇ ಬಸಿಗಾಲುವೆಗಳ ಹೂಳು ತೆಗೆಯಬೇಕು. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್) ಮಳೆ ಹಿಡಿಯುವ ಮೊದಲೇ ಸಿಂಪಡಿಸಿ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಅಜ್ಜಂಪುರದ ಎರೆಭೂಮಿಯಲ್ಲಿ ನೀರು ನಿಂತರೆ ಈರುಳ್ಳಿ ಗೆಡ್ಡೆ ಕೊಳೆಯುವುದರಿಂದ ಏರುಮಡಿ ಅಗತ್ಯ.

ಈಗ ಸದಸ್ಯರು ಗಂಭೀರವಾಗಿ ಪರಿಶೀಲಿಸಬೇಕಾದ ವಿಷಯ. ಒಣವಲಯದಲ್ಲಿಯೂ ಅಡಿಕೆ ತೋಟ ಹಬ್ಬುತ್ತಿದೆ. ಒಂದು ಎಕರೆಯಲ್ಲಿ ಸುಮಾರು 550 ಮರಗಳು. ಹನಿ ನೀರಾವರಿಯಲ್ಲಿಯೂ ಮರವೊಂದಕ್ಕೆ ದಿನಕ್ಕೆ 16 ಲೀಟರ್ ಎಂದರೆ 8,800 ಲೀಟರ್. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಒಟ್ಟು 16 ಲಕ್ಷ ಲೀಟರ್. 600 ಮಿ.ಮೀ. ಮಳೆಯಲ್ಲಿ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 24 ಲಕ್ಷ ಲೀಟರ್. ಈ ಸೀಮೆಯ ಗಟ್ಟಿಕಲ್ಲಿನ ನೆಲದಲ್ಲಿ ಹತ್ತರಲ್ಲೊಂದು ಪಾಲು ಇಂಗಿತೆಂದರೂ 2.4 ಲಕ್ಷ ಲೀಟರ್. ಒಂದು ಎಕರೆ ತೋಟ ಒಂದು ಬೇಸಿಗೆಯಲ್ಲಿ ಆರೇಳು ಎಕರೆಯ ಅಂತರ್ಜಲವನ್ನು ಕುಡಿಯುತ್ತದೆ ಎಂದಾಯಿತು. ಆ ಆರೇಳು ಎಕರೆಯೊಳಗೆ ಊರಿನ ಕುಡಿಯುವ ನೀರಿನ ಕೊಳವೆಬಾವಿಯೂ ಇರಬಹುದು. 2016-17ರ ಬರದಲ್ಲಿ ಕಡೂರಿನ ತೆಂಗಿನ ತೋಟಗಳು ಒಣಗಿದ್ದನ್ನು ಸದಸ್ಯರು ಮರೆತಿರಲಾರರು.

ತೋಟ ಮಾಡಬೇಡಿರೆಂದು ಪಂಚಾಯಿತಿ ಹೇಳುವಂತಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ 1999ರ ಕುಡಿಯುವ ನೀರಿನ ಮೂಲಗಳ ಸಂರಕ್ಷಣಾ ಅಂತರ್ಜಲ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡುವಂತಿಲ್ಲ. ರಿಗ್ ವಾಹನ ಊರಿಗೆ ಬಂದ ರಾತ್ರಿ ಈ ಮಾತು ಎತ್ತಿದರೆ ಜಗಳವಾಗುತ್ತದೆ. ಮಳೆಗಾಲದ ಗ್ರಾಮಸಭೆಯಲ್ಲಿ ಮೂಲಗಳ ಪಟ್ಟಿಯನ್ನೂ ದೂರವನ್ನೂ ಓದಿ ಹೇಳಿದರೆ ಮಾಹಿತಿಯಾಗುತ್ತದೆ.

ಅಂಗನವಾಡಿ ಮತ್ತು ಶಾಲೆಗಳ ಪೌಷ್ಟಿಕ ಕೈತೋಟಕ್ಕೂ ಇದೇ ಲೆಕ್ಕ. 50 ಚದರ ಮೀಟರ್ ಚಾವಣಿಯಿಂದ ಕಡೂರಿನ ಮಳೆಯಲ್ಲಿಯೂ ವರ್ಷಕ್ಕೆ ಸುಮಾರು 24,000 ಲೀಟರ್ ಸಂಗ್ರಹಿಸಬಹುದು. 40 ಚದರ ಮೀಟರ್ ಮಡಿಗೆ ಬೇಸಿಗೆಯಲ್ಲಿ ದಿನಕ್ಕೆ 200 ಲೀಟರ್ ಬೇಕಾಗುವುದರಿಂದ, 5,000 ಲೀಟರ್ ತೊಟ್ಟಿ 25 ದಿನಕ್ಕೆ ಮಾತ್ರ ಒದಗುತ್ತದೆ. ಹಾಗಾಗಿ ತೊಟ್ಟಿ ತುಂಬಿ ಹರಿಯುವ ನೀರಿಗೆ ಇಂಗುಗುಂಡಿ ಬೇಕು, ಬೇಸಿಗೆಯಲ್ಲಿ ಮಡಿಯನ್ನು ಕುಗ್ಗಿಸಬೇಕು. ಜೂನ್‌ನಲ್ಲಿ ಬೆಂಡೆ, ಹೀರೆ, ಸೋರೆ, ಅವರೆ. ಅಕ್ಟೋಬರ್‌ನಲ್ಲಿ ಮೂಲಂಗಿ, ಮೆಂತ್ಯ, ಕೊತ್ತಂಬರಿ. ಬೇಸಿಗೆಗೆ ನುಗ್ಗೆ ಮತ್ತು ಕರಿಬೇವು, ಕೈತೊಳೆಯುವ ನೀರು ಹರಿಯುವಲ್ಲಿ ಒಂದೆರಡು ಬಾಳೆ. ಬಿಸಿಯೂಟದ ಸಾರಿಗೆ ನುಗ್ಗೆಸೊಪ್ಪು ಬೇಸಿಗೆ ರಜೆಯವರೆಗೂ ದೊರೆಯುತ್ತದೆ.

ಈ ನಿರ್ಣಯಗಳಿಗೆಲ್ಲ ಬೇಕಾದ ಅಂಕಿಅಂಶ ಪಂಚಾಯಿತಿಯ ಬಳಿಯೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿದೆ. ಅದರ ವರುಣಮಿತ್ರ ಸಹಾಯವಾಣಿಯಿಂದ ಮುನ್ಸೂಚನೆಯೂ ದೊರೆಯುತ್ತದೆ. ಕಳೆದ ಐದು ವರ್ಷಗಳ ತಿಂಗಳವಾರು ಮಳೆಯನ್ನು ಪಡೆದು ಕಚೇರಿಯ ಫಲಕದಲ್ಲಿ ಬರೆಸಿದರೆ ನೆಡುವ ವಾರ ಯಾವುದೆಂದು ಫಲಕವೇ ತೋರಿಸುತ್ತದೆ. ಮಾಪಕದ ಸುತ್ತ ಮರದ ರೆಂಬೆ ಬಾಗಿಲ್ಲ, ಸೌರಫಲಕದ ಮೇಲೆ ಧೂಳು ಕೂತಿಲ್ಲ ಎಂಬುದನ್ನು ಮೇ ತಿಂಗಳ ಮೊದಲ ವಾರದಲ್ಲಿಯೇ ನೋಡಿಕೊಳ್ಳತಕ್ಕದ್ದು.