ಕ್ಲೀವ್‌ಲ್ಯಾಂಡಿನ ಬಾಗಿಲಲ್ಲಿ ಮುಗಿಯದ ತಕರಾರು

ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ, ಈರಿ ಸರೋವರದ ದಂಡೆಗೆ ಅಂಟಿಕೊಂಡಂತೆ ಓರೆ ಗಾಜಿನ ಕಟ್ಟಡವೊಂದಿದೆ. ಪ್ಯಾರಿಸ್ಸಿನ ಲೂವ್ರ್‌ ಅಂಗಳದಲ್ಲಿ ಗಾಜಿನ ಪಿರಮಿಡ್ ನಿಲ್ಲಿಸಿದ ಐ.ಎಂ. ಪೇ ಅವರದೇ ವಿನ್ಯಾಸ. 1995ರಲ್ಲಿ ತೆರೆದ ಈ ಮ್ಯೂಸಿಯಂ, ರಾಕ್ ಸಂಗೀತದ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯ ಮನೆ. ಒಳಗೆ ಹೆಸರಾಂತರ ಗಿಟಾರು, ವೇದಿಕೆಯ ದಿರಿಸು, ಕೈಬರಹದ ಹಾಡಿನ ಹಾಳೆ ಎಲ್ಲ ಉಂಟು. ಆದರೂ ಸಂಸ್ಥೆ ಸುದ್ದಿಯಾಗುವುದು ವರ್ಷಕ್ಕೊಮ್ಮೆ ಹೊಸ ಹೆಸರುಗಳ ಪಟ್ಟಿ ಹೊರಬಿದ್ದಾಗ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಬಂದ ಮರುದಿನ ‘ಅವರಿಗೆ ಯಾಕೆ, ಇವರಿಗೆ ಯಾಕಿಲ್ಲ’ ಎಂದು ನಮ್ಮಲ್ಲಿ ಶುರುವಾಗುತ್ತದಲ್ಲ, ಥೇಟ್ ಹಾಗೆಯೇ.

ಸಂಸ್ಥೆ ಹುಟ್ಟಿದ್ದು 1983ರಲ್ಲಿ, ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದ ಅಹ್ಮೆತ್ ಎರ್ಟೆಗುನ್ ಮುಂದಾಳತ್ವದಲ್ಲಿ. ಮ್ಯೂಸಿಯಂ ತಮಗೇ ಬೇಕೆಂದು ಹಲವು ನಗರಗಳು ಪೈಪೋಟಿಗೆ ಬಿದ್ದವು. ‘ರಾಕ್ ಅಂಡ್ ರೋಲ್’ ಎಂಬ ಮಾತನ್ನು ರೇಡಿಯೊದಲ್ಲಿ ಜನಪ್ರಿಯಗೊಳಿಸಿದ ಅಲನ್ ಫ್ರೀಡ್ ನಮ್ಮೂರಿನ ಸ್ಟೇಷನ್ನಿನವನು ಎಂಬುದು ಕ್ಲೀವ್‌ಲ್ಯಾಂಡಿನ ವಾದ. ಕೋಟಿಗಟ್ಟಲೆ ಡಾಲರ್ ಸರ್ಕಾರಿ ದುಡ್ಡನ್ನೂ ಅದು ಮುಂದಿಟ್ಟಿತು. ಗೆದ್ದಿತು.

ಪಟ್ಟಿ ಸೇರುವ ನಿಯಮ ಸರಳ. ಮೊದಲ ರೆಕಾರ್ಡ್ ಹೊರಬಂದು 25 ವರ್ಷ ಆಗಿರಬೇಕು. ಒಂದು ಸಣ್ಣ ಸಮಿತಿ ಹೆಸರುಗಳನ್ನು ಆರಿಸುತ್ತದೆ; ಸಾವಿರಕ್ಕೂ ಹೆಚ್ಚು ಕಲಾವಿದರು, ಇತಿಹಾಸಕಾರರು, ಉದ್ಯಮದವರು ಅವಕ್ಕೆ ಮತ ಹಾಕುತ್ತಾರೆ. 2012ರಿಂದ ಅಭಿಮಾನಿಗಳಿಗೂ ಮತದಾನ ಉಂಟು. ಆದರೆ ಲಕ್ಷಾಂತರ ಜನ ಒತ್ತಿದ ಆ ಮತಗಳೆಲ್ಲ ಸೇರಿ ಕೊನೆಗೆ ಒಂದೇ ಒಂದು ಮತಪತ್ರ! 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಅಭಿಮಾನಿಗಳ ಮತದಲ್ಲಿ ಮೊದಲ ಸ್ಥಾನ ಪಡೆದೂ ಹೊರಗೇ ಉಳಿಯಿತು. ಅದು ಒಳಗೆ ಹೋದದ್ದು 2024ರಲ್ಲಿ.

ಕಿಸ್ ತಂಡಕ್ಕೆ ಅರ್ಹತೆ ಬಂದು 15 ವರ್ಷ ಕಾಯಬೇಕಾಯಿತು. ಶಿಕ್ ತಂಡದ ಪಾಡು ಇನ್ನೂ ವಿಚಿತ್ರ: 11 ಸಲ ನಾಮನಿರ್ದೇಶನ, 11 ಸಲವೂ ಸೋಲು. ಕೊನೆಗೆ 2017ರಲ್ಲಿ ಅದರ ಗಿಟಾರಿಸ್ಟ್ ನೈಲ್ ರಾಜರ್ಸ್ ಒಬ್ಬರಿಗೇ ಬೇರೊಂದು ವಿಭಾಗದಲ್ಲಿ ಗೌರವ ಕೊಟ್ಟು ಸಮಾಧಾನ ಮಾಡಿದರು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನವನ್ನು ನಡುಗಿಸಿದ ಐರನ್ ಮೇಡನ್ ತಂಡ 2021 ಮತ್ತು 2023ರ ಮತದಾನದಲ್ಲಿ ಸೋತಿತು. ಆ ರಾತ್ರಿ ಮೈದಾನದಲ್ಲಿದ್ದ ನಮ್ಮ ಹುಡುಗರಿಗೆ ಇದನ್ನು ಯಾರೂ ಒಪ್ಪಿಸಲಾರರು.

ಕರೆದರೂ ಬಾರದವರಿದ್ದಾರೆ. ಸೆಕ್ಸ್ ಪಿಸ್ಟಲ್ಸ್ ತಂಡದವರು 2006ರಲ್ಲಿ ಬೈಗುಳ ತುಂಬಿದ ಚೀಟಿ ಕಳಿಸಿ ಮನೆಯಲ್ಲೇ ಉಳಿದರು. ಕಂಟ್ರಿ ಗಾಯಕಿ ಡಾಲಿ ಪಾರ್ಟನ್ 2022ರಲ್ಲಿ ‘ನಾನು ರಾಕ್ ಹಾಡುವವಳಲ್ಲ’ ಎಂದು ವಿನಯದಿಂದ ಹಿಂದೆ ಸರಿದರು. ಮತದಾರರು ಕೇಳಲಿಲ್ಲ, ಆರಿಸಿಯೇಬಿಟ್ಟರು. ಮರುವರ್ಷ ಆಕೆ ನಿಜಕ್ಕೂ ಒಂದು ರಾಕ್ ಆಲ್ಬಂ ಮಾಡಿ ಲೆಕ್ಕ ಚುಕ್ತಾ ಮಾಡಿದರು.

ಇವೆಲ್ಲ ರಂಜನೆಯ ಜಗಳ. ನೋಯಿಸುವಂಥದ್ದು ಬೇರೆ ಇದೆ. 1986ರ ಮೊದಲ ಪಟ್ಟಿಯಲ್ಲಿ ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ, ಲಿಟಲ್ ರಿಚರ್ಡ್ ಮುಂತಾದವರಿದ್ದರು. ಒಬ್ಬ ಹೆಂಗಸೂ ಇರಲಿಲ್ಲ. ಅರೀಥಾ ಫ್ರಾಂಕ್ಲಿನ್ ಮೊದಲ ಮಹಿಳೆಯಾಗಿ ಒಳಗೆ ಬಂದದ್ದು ಮರುವರ್ಷ. ಸಂಸ್ಥಾಪಕರಲ್ಲೊಬ್ಬರಾದ, ರೋಲಿಂಗ್ ಸ್ಟೋನ್ ಪತ್ರಿಕೆಯ ಯಾನ್ ವೆನ್ನರ್ 2023ರಲ್ಲಿ ಸಂದರ್ಶನವೊಂದರಲ್ಲಿ ಮಹಿಳಾ ಮತ್ತು ಕಪ್ಪು ಸಂಗೀತಗಾರರ ಬೌದ್ಧಿಕತೆಯ ಬಗ್ಗೆ ಹಗುರವಾಗಿ ಮಾತಾಡಿ ಆಡಳಿತ ಮಂಡಳಿಯಿಂದ ಹೊರಬಿದ್ದರು. ಬಾಗಿಲು ಕಾದವರ ಮನಸ್ಸಿನಲ್ಲಿ ಏನಿತ್ತು ಎಂಬ ಅನುಮಾನ ಅದರಿಂದ ಗಟ್ಟಿಯಾಯಿತು.

ಈಗ ಸಿಸ್ಟರ್ ರೊಸೆಟಾ ಥಾರ್ಪ್ ವಿಷಯಕ್ಕೆ ಬರೋಣ. 1915ರಲ್ಲಿ ಅರ್ಕಾನ್ಸಾದಲ್ಲಿ ಹುಟ್ಟಿದ ಕಪ್ಪು ಹುಡುಗಿ, ಚರ್ಚಿನಲ್ಲಿ ತಾಯಿಯ ಜೊತೆ ಹಾಡುತ್ತ ಬೆಳೆದವಳು. ದೇವರ ಹಾಡನ್ನೇ ಎಲೆಕ್ಟ್ರಿಕ್ ಗಿಟಾರಿಗೆ ಏರಿಸಿ ನೈಟ್ ಕ್ಲಬ್ಬುಗಳಿಗೂ ಕೊಂಡೊಯ್ದಳು, ಚರ್ಚಿನವರು ಮುನಿಸಿಕೊಂಡರು. ಎಲ್ವಿಸ್ ಸ್ಟುಡಿಯೊ ಮೆಟ್ಟಿಲು ಹತ್ತುವ ಹೊತ್ತಿಗೆ ಈಕೆ ದೇಶಕ್ಕೆಲ್ಲ ಪರಿಚಿತಳು. ಹದಿಹರೆಯದ ಲಿಟಲ್ ರಿಚರ್ಡ್‌ನನ್ನು ವೇದಿಕೆಗೆ ಕರೆದು ಹಾಡಿಸಿದವಳೂ ಈಕೆಯೇ.

1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣವೊಂದರಲ್ಲಿ ಟಿವಿಗಾಗಿ ಆಕೆಯ ಕಾರ್ಯಕ್ರಮ ನಡೆಯಿತು. ಒಂದು ಪ್ಲಾಟ್‌ಫಾರಂ ಮೇಲೆ ಶ್ರೋತೃಗಳು, ಹಳಿಗಳಾಚೆ ಎದುರಿನದರ ಮೇಲೆ ಕಲಾವಿದರು. ಮಳೆ. ಕುದುರೆಗಾಡಿಯಿಂದಿಳಿದ ಆಕೆ ಉದ್ದನೆಯ ಕೋಟು ತೊಟ್ಟೇ ಗಿಟಾರ್ ಹೆಗಲಿಗೇರಿಸಿ, ಆ ಮಳೆಗೆ ಒಪ್ಪುವ ಹಾಡನ್ನೇ ಎತ್ತಿಕೊಂಡಳು. ನಡುವೆ ಒಂದು ಸೋಲೊ ನುಡಿಸುತ್ತಾಳೆ. ಆ ತಂತಿ ಎಳೆತದಲ್ಲಿ ಮುಂದಿನ ಎಷ್ಟೋ ಗಿಟಾರಿಸ್ಟುಗಳು ಇದ್ದಾರೆ.

ಆಕೆ ತೀರಿಹೋದದ್ದು 1973ರಲ್ಲಿ. ಫಿಲಡೆಲ್ಫಿಯಾದ ಸಮಾಧಿಗೆ ದಶಕಗಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ. ಹಾಲ್ ಆಫ್ ಫೇಮ್ ಆಕೆಯನ್ನು ಕರೆದದ್ದು 2018ರಲ್ಲಿ, ‘ಆರಂಭಿಕ ಪ್ರಭಾವ’ ಎಂಬ ವಿಭಾಗದಡಿ. ಶಿಷ್ಯರು ಮುಂಬಾಗಿಲಿನಿಂದ ಹೋಗಿ 32 ವರ್ಷ ಕಳೆದ ಮೇಲೆ ಗುರುವಿಗೆ ಪಕ್ಕದ ಬಾಗಿಲು. ಯಾರ ರೆಕಾರ್ಡ್ ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ನನ್ನ ಮಟ್ಟಿಗೆ ಎರಡನೆಯದು. ಯಾರು ಬಾರದಿದ್ದರೆ ಈ ಸಂಗೀತವೇ ಬೇರೆಯಾಗುತ್ತಿತ್ತೋ ಅವರು ಮೊದಲು. ಮ್ಯಾಂಚೆಸ್ಟರಿನ ಆ ವಿಡಿಯೊ ಯೂಟ್ಯೂಬಿನಲ್ಲಿದೆ. ಕಿಸ್ ದೊಡ್ಡದೋ ಐರನ್ ಮೇಡನ್ ದೊಡ್ಡದೋ ಎಂದು ವಾದಕ್ಕೆ ಕೂರುವ ಮುನ್ನ ಒಮ್ಮೆ ಅದನ್ನು ನೋಡಿ.