ಹಳೆ ಕಂಬೈನಿಗೆ ಹೊಸ ಕೊಳಗ

ಸಿಂಧನೂರು ಕಡೆಯ ಭತ್ತದ ರೈತರನ್ನು ಈ ಸಲ ಎಷ್ಟು ಬಂತು ಎಂದು ಕೇಳಿದರೆ 'ಎಕರೆಗೆ 27 ಚೀಲ' ಎಂಬಂಥ ಉತ್ತರ ಸಿಗುತ್ತದೆ. 75 ಕೆ.ಜಿ.ಯ ಚೀಲ. ಐದೆಕರೆಯ ಒಟ್ಟು ಚೀಲಗಳನ್ನು ಐದರಿಂದ ಭಾಗಿಸಿದರೆ ಬರುವ ಲೆಕ್ಕ ಅದು. ಕಾಲುವೆ ಬಾಯಿಯ ಪಕ್ಕದ ಎಕರೆಯಲ್ಲಿ 35 ಬಂದು, ಚೌಳು ಹತ್ತಿದ ತಗ್ಗಿನ ಎಕರೆಯಲ್ಲಿ 15ಕ್ಕೇ ನಿಂತಿರಬಹುದು. ಎರಡೂ ಒಂದೇ ಟ್ರಾಲಿಗೆ ಬಿದ್ದವು, ಒಂದೇ ರಾಶಿಯಾದವು. ಯಾವ ನೆಲ ಎಷ್ಟು ಕೊಟ್ಟಿತು ಎಂಬುದು ರಾಶಿಯೊಳಗೆ ಕಲಸಿಹೋಯಿತು.

ಕಲಸಿಹೋಗುವ ಮುಂಚೆಯೇ ಅದನ್ನು ಹಿಡಿದಿಡುವ ಸಾಧನವೊಂದು ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಮೂವತ್ತು ವರ್ಷಗಳಿಂದ ಬಳಕೆಯಲ್ಲಿದೆ. ಹೆಸರು ಯೀಲ್ಡ್ ಮಾನಿಟರ್. ಇಳುವರಿ ಮಾಪಕ ಎನ್ನೋಣ. ಅಯೋವಾ ರಾಜ್ಯದ ಏಮ್ಸ್ ಊರಿನ ಎಂಜಿನಿಯರ್ ಆಲ್ ಮೈಯರ್ಸ್ ಕಟ್ಟಿದ 'ಆಗ್ ಲೀಡರ್' ಕಂಪನಿ 1992ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಯುರೋಪಿನಲ್ಲಿ ಮ್ಯಾಸಿ ಫರ್ಗುಸನ್ ಕಂಪನಿ ಇನ್ನೊಂದು ದಾರಿ ಹಿಡಿದಿತ್ತು. ಅಮೆರಿಷಿಯಂ ಎಂಬ ವಿಕಿರಣಶೀಲ ಧಾತುವನ್ನು ಕಂಬೈನಿನೊಳಗೆ, ಅಂದರೆ ಕೊಯ್ದು ಒಕ್ಕುವ ಹಾರ್ವೆಸ್ಟರ್ ಯಂತ್ರದೊಳಗೆ, ಇಟ್ಟು, ಹರಿಯುವ ಕಾಳು ಎಷ್ಟು ಗಾಮಾ ಕಿರಣವನ್ನು ತಡೆಯುತ್ತದೆ ಎಂದು ಅಳೆಯುವ ಏರ್ಪಾಡು. ಜಾಣ ಉಪಾಯವೇನೋ ಸರಿ. ಆದರೆ ಹೊಲದಲ್ಲಿ ಓಡಾಡುವ ಯಂತ್ರಕ್ಕೆ ವಿಕಿರಣದ ಉಸಾಬರಿ ಯಾಕೆ? ಮೈಯರ್ಸ್ ಹಿಡಿದದ್ದು ಹಳ್ಳಿಯ ಮೆಕ್ಯಾನಿಕ್ಕಿಗೂ ಅರ್ಥವಾಗುವ ದಾರಿ: ಕಾಳಿನ ದಾರಿಗೆ ಅಡ್ಡಲಾಗಿ ಒಂದು ತಗಡು.

ಕಂಬೈನಿನೊಳಗೆ ಒಕ್ಕಿ, ತೂರಿ, ಜರಡಿಯಾಡಿದ ಶುದ್ಧ ಕಾಳನ್ನು ಮೇಲಿನ ಟ್ಯಾಂಕಿಗೆ ಸಾಗಿಸಲು ಒಂದು ಎಲಿವೇಟರ್ ಇರುತ್ತದೆ. ಎತ್ತರದ ತಗಡಿನ ಪೆಟ್ಟಿಗೆ, ಒಳಗೆ ಸುತ್ತುವ ಚೈನು, ಚೈನಿಗೆ ಸಾಲಾಗಿ ಬಿಗಿದ ಅಂಗೈ ಅಗಲದ ರಬ್ಬರ್ ಪಟ್ಟಿಗಳು. ಒಂದೊಂದು ಪಟ್ಟಿಯೂ ಒಂದಿಷ್ಟು ಕಾಳನ್ನು ಹೊತ್ತು ಮೇಲೇರಿ, ತುದಿಯ ಹಲ್ಲುಚಕ್ರವನ್ನು ಸುತ್ತಿ ತಿರುಗುವಾಗ ಅದನ್ನು ಮುಂದಕ್ಕೆ ಎಸೆಯುತ್ತದೆ. ಎಸೆದ ಕಾಳು ಹೋಗಿ ಬಡಿಯುವ ಜಾಗದಲ್ಲೇ ಈ ತಗಡು ಕೂತಿರುತ್ತದೆ. ತಗಡಿನ ಹಿಂದೆ ಲೋಡ್ ಸೆಲ್. ನಮ್ಮ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುವುದೂ ಇದೇ: ಲೋಹದ ದಿಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಪೆಟ್ಟು ಜೋರಾದಷ್ಟೂ ಸಂಕೇತ ಜೋರು. ಪೆಟ್ಟಿನ ಬಲ ಕಾಳಿನ ತೂಕದ ಜೊತೆಗೆ ಅದರ ವೇಗವನ್ನೂ ಅವಲಂಬಿಸುವುದರಿಂದ ಎಲಿವೇಟರ್ ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ಅಳೆಯಲು ಶಾಫ್ಟಿನ ಪಕ್ಕ ಇನ್ನೊಂದು ಸೆನ್ಸರ್ ಬೇಕು.

ಇಷ್ಟರಿಂದ ಸೆಕೆಂಡಿಗೆ ಎಷ್ಟು ಕೆ.ಜಿ. ಹರಿಯಿತು ಎಂಬುದು ಸಿಕ್ಕಿತು. ಉಳಿದದ್ದು ಶಾಲೆಯ ಗಣಿತ. ಯಂತ್ರದ ಕಟಾವಿನ ಅಗಲ 14 ಅಡಿ, ಅಂದರೆ ಸುಮಾರು 4.2 ಮೀಟರ್ ಎನ್ನಿ. ವೇಗ ಸೆಕೆಂಡಿಗೆ ಒಂದು ಮೀಟರ್. ಸೆಕೆಂಡಿಗೆ 4.2 ಚದರ ಮೀಟರ್ ನೆಲ ಕೊಯ್ದಂತಾಯಿತು. ಅಷ್ಟರಲ್ಲಿ 2.1 ಕೆ.ಜಿ. ಕಾಳು ಬಡಿದರೆ ಚದರ ಮೀಟರಿಗೆ ಅರ್ಧ ಕೆ.ಜಿ., ಎಕರೆಗೆ ಸುಮಾರು 20 ಕ್ವಿಂಟಲ್. ನಮ್ಮ 27 ಚೀಲ ಇದೇ. ಜಿಪಿಎಸ್ ಆ ಕ್ಷಣದ ಸ್ಥಾನವನ್ನು ಪಕ್ಕದಲ್ಲಿ ಬರೆದಿಡುತ್ತದೆ. ಸಂಜೆಗೆ ಹೊಲದ ನಕ್ಷೆಯ ಮೇಲೆ ಬಣ್ಣಗಳು: ಹೆಚ್ಚು ಬಂದಲ್ಲಿ ಹಸಿರು, ನಡುವೆ ಹಳದಿ, ಕಡಿಮೆ ಬಂದಲ್ಲಿ ಕೆಂಪು.

ಹೊಸ ಕಂಬೈನುಗಳಲ್ಲಿ ಇದೆಲ್ಲ ಕಾರ್ಖಾನೆಯಿಂದಲೇ ಜೋಡಣೆಯಾಗಿ ಬರುತ್ತದೆ. ಅವುಗಳ ಬೆಲೆ ಮಾತ್ರ ನಮ್ಮ ಲೆಕ್ಕದಲ್ಲಿ ಕೋಟಿಗಳಲ್ಲಿ. ಹಾಗಾಗಿ ಜಾನ್ ಡಿಯರ್ 9600, ಕೇಸ್ 1680ರಂಥ ಎಂಬತ್ತು ತೊಂಬತ್ತರ ದಶಕಗಳ ಯಂತ್ರಗಳನ್ನೇ ಒಪ್ಪ ಮಾಡಿಕೊಂಡು ಓಡಿಸುವ ರೈತರು ಅಮೆರಿಕದಲ್ಲಿ ಈಗಲೂ ಇದ್ದಾರೆ. ಒಕ್ಕಣೆಯಲ್ಲಿ ಇವಕ್ಕೇನೂ ದಾಡಿಯಿಲ್ಲ, ಇಲ್ಲದಿರುವುದು ಕಣ್ಣು ಮಾತ್ರ. ಅಂಥ ಯಂತ್ರಕ್ಕೆ ಯಾವ ಮಾಪಕ ಕೂರಿಸಬೇಕು?

ಮೊದಲು ಒಂದು ಕವಲು. ತಗಡಿಗೆ ಬಡಿಸಿ ತೂಕ ಹಿಡಿಯುವ ಬಗೆ ಒಂದಾದರೆ, ಬೆಳಕಿನಿಂದ ಗಾತ್ರ ಅಳೆಯುವುದು ಇನ್ನೊಂದು. ಎರಡನೆಯದರಲ್ಲಿ ಎಲಿವೇಟರಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೆಳಕಿನ ಕಿರಣ ಹಾಯಿಸಿರುತ್ತಾರೆ. ಪಟ್ಟಿಯ ಮೇಲೆ ಕಾಳಿನ ಗುಡ್ಡೆ ಎತ್ತರವಿದ್ದಷ್ಟೂ ಹೆಚ್ಚು ಹೊತ್ತು ಕಿರಣಕ್ಕೆ ಅಡ್ಡ ಬರುತ್ತದೆ. ಬ್ರಿಟನ್ನಿನ ಆರ್‌ಡಿಎಸ್ ಕಂಪನಿಯ ಸಿರೀಸ್ ಮಾಪಕ, ಜರ್ಮನಿಯ ಕ್ಲಾಸ್ ಕಂಬೈನುಗಳ ಕ್ವಾಂಟಿಮೀಟರ್ ಈ ಜಾತಿಯವು. ಕೆನಡಾದ ಫಾರ್ಮ್‌ಟ್ರ್ಯಾಕ್ಸ್ ಇದನ್ನೇ ಹಳೆ ಯಂತ್ರಗಳಿಗೆಂದು ಸರಳ ಮಾಡಿ, ಪರದೆಯ ಬದಲು ರೈತನ ಮೊಬೈಲಿಗೇ ಜೋಡಿಸಿದೆ.

ನಮ್ಮ ಕಣದ ಭಾಷೆಯಲ್ಲಿ ಹೇಳುವುದಾದರೆ ತಗಡಿನದು ತಕ್ಕಡಿ, ಬೆಳಕಿನದು ಕೊಳಗ. 'ಲಾಭ, ಎರಡು, ಮೂರು' ಎಂದು ಎಣಿಸುತ್ತ ಕೊಳಗ ತುಂಬಿಸಿದವರಿಗೆ ಗೊತ್ತು, ಗಟ್ಟಿ ಕಾಳಿಗೂ ಜೊಳ್ಳಿಗೂ ಕೊಳಗ ಭೇದ ಮಾಡುವುದಿಲ್ಲ. ಬೆಳಕಿನ ಮಾಪಕದ ದೌರ್ಬಲ್ಯವೂ ಅಲ್ಲೇ ಇದೆ. ಒಂದು ಅಳತೆ ಕಾಳು ಎಷ್ಟು ತೂಗುತ್ತದೆ ಎಂದು ಆಗಾಗ ಕೈಯಲ್ಲಿ ತೂಗಿ ಅದಕ್ಕೆ ಹೇಳಿಕೊಡಬೇಕು. ತಳಿ ಬದಲಾದರೆ ಮತ್ತೆ ಹೇಳಬೇಕು. ಗಾಜಿನ ಮೇಲೆ ಧೂಳು ಕೂತರೆ ಒರೆಸಬೇಕು. ಇಳಿಜಾರಿನಲ್ಲಿ ಕಾಳು ಪಟ್ಟಿಯ ಒಂದು ಬದಿಗೆ ಸರಿದು ಗುಡ್ಡೆಯ ಆಕಾರವೇ ಬದಲಾಗುವುದರಿಂದ ಓರೆ ಅಳೆಯುವ ಸೆನ್ಸರ್ ಇದ್ದರೆ ಒಳ್ಳೆಯದು.

ತಕ್ಕಡಿಯ ಕಾಟ ಬೇರೆ ಬಗೆಯದು. ಹಳೆ ಯಂತ್ರದ ಎಲಿವೇಟರ್ ಮುಚ್ಚಳ ತೆಗೆದು ಒಂದು ಸಲ ಕೈಯಾಡಿಸಿ ನೋಡಿ. ರಬ್ಬರ್ ಪಟ್ಟಿಗಳ ಅಂಚು ಸವೆದು ದುಂಡಗಾಗಿರುತ್ತದೆ, ಒಂದೆರಡರ ಮೂಲೆಯೇ ಹಾರಿಹೋಗಿರುತ್ತದೆ. ಚೈನು ಜಗ್ಗಿ ಸಡಿಲವಾಗಿರುತ್ತದೆ. ಸವೆದ ಪಟ್ಟಿ ಕಾಳನ್ನು ನೇರವಾಗಿ ಎಸೆಯದೆ ಚೆಲ್ಲಾಡುತ್ತದೆ; ಅಷ್ಟೇ ಕಾಳು ಬಂದರೂ ತಗಡಿಗೆ ತಾಗುವ ಪೆಟ್ಟು ಬೇರೆ. ಇನ್ನೊಂದು ಸೂಕ್ಷ್ಮವಿದೆ. ಕೆಲವು ಕಂಬೈನುಗಳಲ್ಲಿ ಚೈನು ಬಿಗಿ ಮಾಡಲು ಮೇಲಿನ ಶಾಫ್ಟನ್ನೇ ಎತ್ತಬೇಕು. ಎತ್ತಿದ ಕೂಡಲೇ ಪಟ್ಟಿಗೂ ತಗಡಿಗೂ ನಡುವಿನ ಅಂತರ ಬದಲಾಗಿ, ನಿನ್ನೆಯವರೆಗೆ ಸರಿಯಿದ್ದ ಲೆಕ್ಕ ಇವತ್ತು ತಪ್ಪುತ್ತದೆ. ಕೊಳ್ಳುವ ಮುಂಚೆ ನಿಮ್ಮ ಯಂತ್ರದಲ್ಲಿ ಚೈನು ಬಿಗಿಯುವುದು ಮೇಲೋ ಕೆಳಗೋ ಎಂದು ನೋಡಿಕೊಳ್ಳಿ. ಕೆಳಗಾದರೆ ತಕ್ಕಡಿ ನೆಮ್ಮದಿಯಾಗಿರುತ್ತದೆ.

ನನ್ನ ಮಟ್ಟಿಗೆ ಎಲಿವೇಟರಿನ ಈ ಸ್ಥಿತಿಯೇ ಇಡೀ ಆಯ್ಕೆಯ ತಿರುಳು. ಮಾರುವವರು ಪರದೆಯ ಬಣ್ಣ ತೋರಿಸುತ್ತಾರೆ, ಕೊಳ್ಳುವವರು ಎಲಿವೇಟರ್ ತೆರೆದು ನೋಡಬೇಕು. ಹೊಸ ಚೈನು, ಹೊಸ ಪಟ್ಟಿ ಹಾಕಿಸದೆ ದುಬಾರಿ ಮಾಪಕ ಕೂರಿಸುವುದು ಸೋರುವ ಕೊಡಕ್ಕೆ ಬೆಳ್ಳಿಯ ಮುಚ್ಚಳ ಮಾಡಿಸಿದಂತೆ.

ಸೆಕೆಂಡ್ ಹ್ಯಾಂಡ್ ಮಾಪಕ ಅಗ್ಗಕ್ಕೆ ಸಿಗುತ್ತದೆ; ಆಗ್ ಲೀಡರಿನ ಹಳೆಯ ಪಿಎಫ್ 3000 ಒಂದು ಕಾಲದಲ್ಲಿ ಮನೆಮಾತಾಗಿತ್ತು. ಆದರೆ ಅದರ ಮೆಮರಿ ಕಾರ್ಡು ಇವತ್ತಿನ ಯಾವ ಸಾಮಾನ್ಯ ಲ್ಯಾಪ್‌ಟಾಪಿಗೂ ಹೋಗುವಂಥದಲ್ಲ. ಜೊತೆಗೆ ಬರುವ ಹಳೆ ಜಿಪಿಎಸ್ ಡಬ್ಬಿಯ ಮೇಲೂ ಒಂದು ಕಣ್ಣಿರಲಿ. ಈ ಡಬ್ಬಿಗಳು ಓದುವ ಜಿಪಿಎಸ್ ಸಂಕೇತದಲ್ಲಿ ವಾರಗಳನ್ನು ಎಣಿಸಲು ಹತ್ತು ಬಿಟ್ ಮಾತ್ರ ಮೀಸಲು, 1024 ವಾರಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಹಾಗಾಯಿತು, 2019ರ ಏಪ್ರಿಲ್ 6ರಂದು ಮತ್ತೆ ಆಯಿತು. ಸಾಫ್ಟ್‌ವೇರ್ ಬದಲಿಸದ ಹಲವು ಹಳೆ ರಿಸೀವರುಗಳು ಅಂದಿನಿಂದ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸತೊಡಗಿದವು. ಈ ವರ್ಷದ ಬೆಳೆ ಇಪ್ಪತ್ತು ವರ್ಷ ಹಿಂದಿನ ಖಾತೆಗೆ ಜಮಾ!

ತೇವಾಂಶದ ಸೆನ್ಸರನ್ನು ಮಾತ್ರ ಬೇಡವೆಂದು ಬಿಡಬೇಡಿ. ವಿದ್ಯುತ್ ಕ್ಷೇತ್ರದಲ್ಲಿ ನೀರಿನ ವರ್ತನೆ ಒಣ ಕಾಳಿಗಿಂತ ಹತ್ತಿಪ್ಪತ್ತು ಪಟ್ಟು ತೀವ್ರ. ಎರಡು ಲೋಹದ ಫಲಕಗಳ ನಡುವೆ ಕಾಳು ಹಾಯಿಸಿದರೆ ಆ ವ್ಯತ್ಯಾಸದಿಂದಲೇ ತೇವ ತಿಳಿಯುತ್ತದೆ. ಶೇಕಡ 25 ತೇವದ 100 ಕೆ.ಜಿ. ಮೆಕ್ಕೆಜೋಳ, ಅಮೆರಿಕದ ವ್ಯಾಪಾರದ ಅಳತೆಯಾದ ಶೇಕಡ 15.5ಕ್ಕೆ ಒಣಗಿದಾಗ 89 ಕೆ.ಜಿ.ಗೂ ತುಸು ಕಡಿಮೆ. ಇದನ್ನು ಕಳೆಯದಿದ್ದರೆ ಹಸಿ ಮೂಲೆಯೇ ಹೊಲದ ರಾಜನಂತೆ ಕಾಣುತ್ತದೆ.

ಯಾವುದನ್ನೇ ಕೂರಿಸಿದರೂ ಅದಕ್ಕೆ ಪಾಠ ಹೇಳದೆ ಗತ್ಯಂತರವಿಲ್ಲ. ನಾಲ್ಕೈದು ಲೋಡನ್ನು, ಒಂದನ್ನು ನಿಧಾನ, ಒಂದನ್ನು ಜೋರು ಓಡಿಸಿ ಕೊಯ್ದು, ಪ್ರತಿಯೊಂದನ್ನೂ ತೂಗಿ, ನಿಜವಾದ ತೂಕವನ್ನು ಮಾಪಕಕ್ಕೆ ಊಡಿಸಬೇಕು. ಹರಿವು ಇಮ್ಮಡಿಯಾದರೆ ಸಂಕೇತ ಸರಿಯಾಗಿ ಇಮ್ಮಡಿಯಾಗುವುದಿಲ್ಲ. ಹಾಗಾಗಿ ಒಂದೇ ವೇಗದ ಒಂದೇ ಲೋಡಿನ ಪಾಠ ಸಾಲದು. ಚೆನ್ನಾಗಿ ಕಲಿತ ಮಾಪಕ ನೂರಕ್ಕೆ ಎರಡು ಮೂರರಷ್ಟೇ ತಪ್ಪುತ್ತದೆ, ಕಲಿಯದ್ದು ಹತ್ತನ್ನೂ ದಾಟಬಹುದು. ಬೆಳೆ ಬದಲಾದರೆ ಹೊಸ ಪಾಠ, ವರ್ಷ ಬದಲಾದರೂ ಹೊಸ ಪಾಠ. ಕೊಯ್ಲಿನ ಅವಸರದಲ್ಲಿ ಇದಕ್ಕೆ ಅರ್ಧ ದಿನ ಕೊಡಲು ಮನಸ್ಸಿಲ್ಲದವರು ಅಗ್ಗದ್ದನ್ನೇ ಕೊಳ್ಳಲಿ. ಕೆ.ಜಿ. ತಪ್ಪಿದರೂ ಯಾವ ಜಾಗ ಮೇಲು, ಯಾವುದು ಕೀಳು ಎಂಬ ಚಿತ್ರ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ.

ಆ ಚಿತ್ರವನ್ನೂ ಒಂದೇ ವರ್ಷ ನೋಡಿ ನಂಬುವಂತಿಲ್ಲ. ಉತ್ತರ ಅಯೋವಾದಲ್ಲಿ ಹಿಮನದಿಗಳು ಬಿಟ್ಟುಹೋದ ತಟ್ಟೆಯಂಥ ತಗ್ಗುಗಳಿವೆ. ಮಳೆ ಹೆಚ್ಚಾದ ವರ್ಷ ಅಲ್ಲಿ ಬೆಳೆ ಕೊಳೆತು ನಕ್ಷೆ ಕೆಂಪಾಗುತ್ತದೆ, ಬರ ಬಂದ ವರ್ಷ ಹಸಿರಾಗಿ ಉಳಿಯುವುದೂ ಅದೇ ಜಾಗ. ನಾಲ್ಕಾರು ವರ್ಷದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟ ಮೇಲೆಯೇ ಎಲ್ಲಿ ಬಸಿ ಕೊಳವೆ ಹೂಳಬೇಕು, ಎಲ್ಲಿಗೆ ಗೊಬ್ಬರ ಸುರಿಯುವುದು ದಂಡ ಎಂದು ತಿಳಿಯುವುದು.

ಇದನ್ನು ನಮ್ಮ ತುಂಗಭದ್ರಾ ಅಚ್ಚುಕಟ್ಟಿಗೆ ಹಾಗೇ ತರಬಹುದೇ? ಎರಡು ಅಡ್ಡಿಗಳು ಕಾಣುತ್ತವೆ. ಕತ್ತರಿಸಿದ ತೆನೆಯ ಕಾಳು ಸೆನ್ಸರ್ ತಲುಪಲು ಹತ್ತು ಹನ್ನೆರಡು ಸೆಕೆಂಡ್ ಬೇಕು, ಅಷ್ಟರಲ್ಲಿ ಯಂತ್ರ ಹತ್ತು ಹನ್ನೆರಡು ಮೀಟರ್ ಮುಂದೆ ಹೋಗಿರುತ್ತದೆ. ಅರ್ಧ ಮೈಲಿ ಉದ್ದದ ಅಯೋವಾದ ಸಾಲಿನಲ್ಲಿ ಇದನ್ನು ಲೆಕ್ಕದಿಂದ ಸರಿಪಡಿಸಬಹುದು. ಮೂವತ್ತು ಮೀಟರಿನ ಮಡಿಯಲ್ಲಿ ಹರಿವು ಒಂದು ಹದಕ್ಕೆ ಬರುವಷ್ಟರಲ್ಲಿ ಬದು ಎದುರಾಗುತ್ತದೆ. ತಿರುವಿನಲ್ಲಿ ಡ್ರೈವರ್ ಅರ್ಧ ಅಗಲವನ್ನಷ್ಟೇ ಕೊಯ್ದರೂ ಮಾಪಕ ಪೂರ್ತಿ 14 ಅಡಿಯಿಂದಲೇ ಭಾಗಿಸಿ 27 ಚೀಲದ ನೆಲವನ್ನು ಹದಿಮೂರೂವರೆ ಎಂದು ಬರೆದಿಡುತ್ತದೆ. ಎರಡನೆಯ ಅಡ್ಡಿ ಯಂತ್ರದ್ದಲ್ಲ, ಬಾಡಿಗೆಯದು. ಹಾರ್ವೆಸ್ಟರ್ ಮಾಲೀಕನಿಗೆ ದುಡ್ಡು ಬರುವುದು ಗಂಟೆ ಲೆಕ್ಕದಲ್ಲಿ. ಇಳುವರಿ ಕಟ್ಟಿಕೊಂಡು ಅವನಿಗೇನಾಗಬೇಕು? ಇಳುವರಿ ಬೇಕಾದ ರೈತನಿಗೆ ಹಾರ್ವೆಸ್ಟರ್ ಇಲ್ಲ. ಆದರೂ ಇಂಥ ಅಳತೆಗೆ ಇನ್ನೊಂದು ಉಪಯೋಗವಿದೆ. ಭತ್ತದ ಬೆಳೆ ವಿಮೆಯ ಲೆಕ್ಕ ಬಹುಮಟ್ಟಿಗೆ ನಿಂತಿರುವುದು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡುಗಳಲ್ಲಿ ಮಾಡುವ ಬೆಳೆ ಕಟಾವು ಪ್ರಯೋಗದ ಮೇಲೆ. ಬಾಡಿಗೆ ಯಂತ್ರಗಳಿಗೆ ಮಾಪಕ ಹಾಕಿ ನಕ್ಷೆಯ ಆಸೆ ಬಿಟ್ಟರೂ, ಒಂದೊಂದು ಸರ್ವೆ ನಂಬರಿನ ಒಟ್ಟು ಇಳುವರಿಯಾದರೂ ದಾಖಲಾದರೆ ಈ ಲೆಕ್ಕಕ್ಕೆ ಒಳ್ಳೆಯ ಸಾಕ್ಷಿಯಾದೀತು.

ಅಲ್ಲಿಯವರೆಗೆ ಮಾಪಕವಿಲ್ಲದೆಯೂ ಒಂದು ಕೆಲಸ ಮಾಡಬಹುದು. ಈ ಸಲ ಕಟಾವಿಗೆ ಯಂತ್ರ ಬಂದಾಗ ಕಾಲುವೆ ಬಾಯಿಯ ಮಡಿಯ ಭತ್ತವನ್ನೂ ಚೌಳು ಮೂಲೆಯ ಭತ್ತವನ್ನೂ ಒಂದೇ ಟ್ರಾಲಿಗೆ ಸುರಿಸಬೇಡಿ. ಬೇರೆ ಬೇರೆ ತೂಗಿಸಿ, ವೇಬ್ರಿಜ್ ಚೀಟಿಯ ಹಿಂದೆ ಯಾವ ಮಡಿ ಎಂದು ಪೆನ್ನಿನಲ್ಲಿ ಬರೆದು ತೆಗೆದಿಡಿ. ಮುಂದಿನ ವರ್ಷ ಗೊಬ್ಬರದಂಗಡಿಗೆ ಹೋಗುವಾಗ ಆ ಚೀಟಿಗಳು ಜೇಬಿನಲ್ಲಿರಲಿ.